ಬೋಳುಗಲ್ಲು

ರೀಡು ಬದಲಿಸಲು ಕರೆದಿದ್ದರು, ಹೋದೆ.
ದುರ್ಗದಲ್ಲಿ ಹಾರ್ಮೋನಿಯಂ ರಿಪೇರಿಗೆ ಉಳಿದವನು ನಾನೊಬ್ಬನೇ,
ಹೀಗಾಗಿ ದೇವರಲ್ಲಿ ಭೇದ ಮಾಡುವುದಿಲ್ಲ.
ಭಜನೆ ಮನೆ, ನಾಟಕ ಕಂಪನಿ, ಬೆಟ್ಟದ ಬುಡದ ಈ ಪುಟ್ಟ ಚರ್ಚು:
ಎಲ್ಲ ಕಡೆಯೂ ಇಲಿ ಕಡಿಯುವುದು ತಿದಿಯನ್ನೇ.

ಜಯವಂತ ಮೇಷ್ಟ್ರು ಪೆಟ್ಟಿಗೆ ತೋರಿಸಲಿಲ್ಲ.
ಭುಜ ಹಿಡಿದು ಮೇಲೆ ನೋಡಿಸಿದರು.
ಪೀಠದ ಮೇಲಿನ ಕಮಾನಿನಲ್ಲಿ ಹದಿನಾಲ್ಕು ಕಲ್ಲು,
ಕಲ್ಲಿನ ಮೈಮೇಲೆ ಉಳಿಯ ಗುರುತು:
ಎರಡು ಚುಕ್ಕಿ, ಒಂದು ಗೀಟು,
ಹಕ್ಕಿಕಾಲು, ಅರ್ಧಚಂದ್ರ, ಮತ್ತೆ ಎರಡು ಚುಕ್ಕಿ.
"ಇದು ಸ್ವರ ಕಣಪ್ಪ," ಎಂದರು,
ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬಂಥ ದನಿಯಲ್ಲಿ.
"ಕಟ್ಟಿದಾಗಿನಿಂದ ಒಬ್ಬರೂ ಓದಿಲ್ಲ."

ಹನ್ನೊಂದು ವರ್ಷ ಅವರಿಗೆ ಇದೇ ಜ್ವರ.
ತಗಡಿನ ಮೇಲೆ ರವೆ ಉದುರಿಸಿ,
ಅಂಚಿಗೆ ಪಿಟೀಲಿನ ಕಮಾನು ಎಳೆದು,
ರವೆ ನಡುಗಿ ಸರಿದು ಕೂತ ಆಕಾರಗಳನ್ನೆಲ್ಲ
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಿದ್ದರು.
ಸುಶಾಂತಮ್ಮ ಉಪ್ಪಿಟ್ಟಿಗೆಂದು ಡಬ್ಬಿ ತೆಗೆದರೆ
ಬರೀ ತಳ.
ಅರ್ಧಚಂದ್ರಕ್ಕೆ ಮ, ಹಕ್ಕಿಕಾಲಿಗೆ ಪ,
ಜೋಡಿ ಚುಕ್ಕಿಗೆ ಸ.
ಒಂಬತ್ತನೆಯ ಕಲ್ಲು ಮಾತ್ರ ಬೋಳು.
ಅಲ್ಲಿ ಅವರ ಬೆರಳು ಪ್ರತಿಸಲ ಗಾಳಿಯಲ್ಲಿ ನಿಲ್ಲುತ್ತಿತ್ತು,
ಹೆಸರು ಮರೆತವನ ಬಾಯಿಯ ಹಾಗೆ.

ಆ ವಾರ ಮಾಡು ಸೋರುತ್ತದೆಂದು ಗಾರೆ ಕೆಲಸ.
ಬಾಂಡ್ಲಿ ಹೊತ್ತ ಮುದುಕಿ, ಸುಂಕ್ಲಮ್ಮ ಅಂತ,
ನಮ್ಮ ಮಾತು ಕೇಳಿ ಕತ್ತೆತ್ತಿದಳು,
ಕಣ್ಣಿಗೆ ಕೈ ಅಡ್ಡ ಹಿಡಿದು ಎಣಿಸಿದಳು.
"ರಾಗಾನೂ ಇಲ್ಲ ಗೀಗಾನೂ ಇಲ್ಲ ಸಾಮಿ,
ಕೂಲಿ ಲೆಕ್ಕ.
ಹಕ್ಕಿಕಾಲು ಅಂದ್ರೆ ನಮ್ಮ ತಾತನ ಮನೇರು.
ಜೋಡಿ ಚುಕ್ಕಿಯೋರು ಈಗ ಹಿರಿಯೂರ ಕಡೆ ಅದಾರೆ.
ಯಾರು ಕಡೆದ ಕಲ್ಲೋ ಅವರ ಗುರುತು,
ಶನಿವಾರ ಬಟವಾಡೆ."

ಮೇಷ್ಟ್ರು ಮುಂದಿನ ಬೆಂಚಿನ ಮೇಲೆ ಕೂತರು.
ನಾನು ಒಂದು ರೀಡನ್ನು ಅಂಗಿಗೆ ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.
ಕಿಟಕಿಯಾಚೆ ಜೋಗಿಮಟ್ಟಿಯ ಫ್ಯಾನುಗಳು
ಯಾರಿಗೂ ಏನೂ ಹೇಳದೆ ತಿರುಗುತ್ತಿದ್ದವು.
ಬಹಳ ಹೊತ್ತಿನ ಮೇಲೆ ಕೇಳಿದರು:
"ಮತ್ತೆ ಆ ಬೋಳುಗಲ್ಲು?"

"ಅದಾ," ಅಂದಳು, ಬಾಂಡ್ಲಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ,
"ಹೆಣ್ಣಾಳು ಕಡೆದಿರ್ಬೇಕು.
ಹೆಣ್ಣಿಗೆ ಗುರುತೆಲ್ಲಿತ್ತು?
ಗಂಡನ ಲೆಕ್ಕದಾಗೆ ಹೋಗೋದು.
ಗಂಡ ಸತ್ತಿದ್ರೆ..."
ಮೇಲಿಂದ ಮೇಸ್ತ್ರಿ ಕೂಗಿದ, ಗಾರೆ ಗಟ್ಟಿಯಾಗುತ್ತೆ ಬಾ ಅಂತ.
ಅವಳು ಹೋದಳು.

ಭಾನುವಾರ ದುಡ್ಡು ಇಸಿದುಕೊಳ್ಳಲು ಹೋದವನು
ಬಾಗಿಲಲ್ಲೇ ನಿಂತೆ.
ಮೇಷ್ಟ್ರು ಅದನ್ನೇ ನುಡಿಸುತ್ತಿದ್ದರು,
ಕೂಲಿ ಲೆಕ್ಕವೆಂದು ಗೊತ್ತಾದ ಮೇಲೂ,
ಕೊಂಚ ನಿಧಾನ,
ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ ಹಾಗೆ.
ಚಂದದ ರಾಗವೇನಲ್ಲ. ನಡುವೆ ಎಡವುತ್ತದೆ.
ಎಂಟು ಕಲ್ಲು ದಾಟಿದರು.
ಒಂಬತ್ತನೆಯದಕ್ಕೆ ಬಲಗೈ ಮನೆಗಳಿಂದ ಮೇಲೆದ್ದಿತು,
ಎಡಗೈ ತಿದಿಯನ್ನು ಒತ್ತುತ್ತಲೇ ಇತ್ತು.

ನಾನೇ ಹೊಲಿದ ತಿದಿ.
ಎಲ್ಲೂ ಸೋರದಂತೆ ಅಂಟು ಹಚ್ಚಿ ಕೊಟ್ಟಿದ್ದೆ.
ಮನೆ ಒತ್ತದಿದ್ದರೆ ಗಾಳಿಗೆ ದಾರಿಯಿಲ್ಲ,
ಸದ್ದು ಬರಕೂಡದು.
ಆದರೂ ಕೇಳಿತು,
ಕಲ್ಲು ಇಳಿಸಿ, ಬಟವಾಡೆಯ ಸಾಲಿನ ಕೊನೆಯಲ್ಲಿ
ಇನ್ನೂ ನಿಂತೇ ಇರುವವಳ
ಉಸಿರು.

ಆಮೇಲೆ ನನ್ನ ದುಡ್ಡು ಎಣಿಸಿಕೊಂಡೆ,
ರಸೀದಿಯ ಮೇಲೆ ರುಜು ಹಾಕಿದೆ.