ಇಲ್ಲಿ ಬಸ್ಸು ನಿಲ್ಲುದಿಲ್ಲ

ಮೊದಲು ಬರೆದದ್ದು ಯಾರೆಂದು ಗೊತ್ತಿಲ್ಲ.
ಬದಿಯಡ್ಕದಿಂದ ಆಚೆ, ಬೊಳ್ಪುಗುಡ್ಡೆ ತಿರುವಿನಲ್ಲಿ,
ಕುಂಞಂಬು ಮಣಿಯಾಣಿ ಸ್ಮರಣಾರ್ಥ ಕಟ್ಟಿದ ತಂಗುದಾಣದಲ್ಲಿ,
ಸಿಮೆಂಟು ಬೆಂಚಿನ ಹಿಂದೆ, ಸರಿಯಾಗಿ ತಲೆ ಒರಗುವಲ್ಲಿ,
ಇದ್ದಿಲಿನಿಂದ:
‘ಇಲ್ಲಿ ಬಸ್ಸು ನಿಲ್ಲುದಿಲ್ಲ.’

ಅದರಡಿಗೆ ಪೆನ್ಸಿಲು, ಸಣ್ಣಕ್ಷರ, ಎಡಕ್ಕೆ ವಾಲಿದ್ದು:
‘ನಿಲ್ತದೆ. ಕೈಯನ್ನು ಅಡ್ಡ ಹಿಡಿಯಬೇಕು, ಕಿಸೆಯಲ್ಲಿ ಅಲ್ಲ.’
ಅದರಡಿಗೆ ನೀಲಿ ಬಾಲ್‌ಪೆನ್ನು:
‘ಎರಡೂ ಕೈ ಹಿಡಿದೆ ಮಾರಾಯ. ಡ್ರೈವರ ಟಾಟಾ ಮಾಡಿದ.’

ಒಬ್ಬ ಮಲಯಾಳದಲ್ಲಿ ಎರಡೇ ಶಬ್ದ ಬರೆದ.
ಪಕ್ಕದಲ್ಲಿ ಇನ್ಯಾರೋ ಕನ್ನಡದಲ್ಲಿ ಅದರ ಅರ್ಥ.
ಅರ್ಥ ತಪ್ಪೆಂದು ಮತ್ತೊಬ್ಬ ತುಳುವಿನಲ್ಲಿ ಬೈದ,
‘ಳ’ ಇರಬೇಕಾದಲ್ಲೆಲ್ಲ ‘ಲ’ ಹಾಕಿ.

ನಾನು ದಿನಗೂಲಿ ಟೀಚರು. ಚೀಲದಲ್ಲಿ ಕೆಂಪು ಪೆನ್ನು.
ಎಂಟೂವರೆ ಬಸ್ಸಿಗೆ ಎಂಟೂಕಾಲಕ್ಕೇ ಬಂದು ಕೂರುವವಳು
ಒಂದು ದಿನ ತಡೆಯಲಾರದೆ
ಬಾಣದ ಗುರುತು ಹಾಕಿ ‘ವು’ ಸೇರಿಸಿದೆ.
ಮರುದಿನ ಇದ್ದಿಲು ಕೇಳಿತ್ತು:
‘ವು ಬಂತು. ಬಸ್ಸು ಬಂತಾ ಟೀಚರೇ?’

ಆಮೇಲೆ ವಾದ ಬಸ್ಸಿನಿಂದ ಇಳಿದು ನಡೆಯತೊಡಗಿತು.
ಬಂಗುಡೆ ಸಾರಿಗೆ ಬಿಂಬುಳಿಯೋ, ಪುನರ್ಪುಳಿಯೋ?
ಕಾಗೆ ಒಂದೇ ಕಣ್ಣು ಮುಚ್ಚಿ ಮಲಗುವುದು ಹೌದೋ?
ನಮಗೆ ಮಂಗಳೂರು ದೂರವೋ, ಕಾಸರಗೋಡೋ?
(‘ಯಾವುದಕ್ಕೆ ಹೋಗ್ಲಿಕ್ಕುಂಟೋ ಅದು’, ಪೆನ್ಸಿಲಿನ ತೀರ್ಪು.)
ಬಿಂಬುಳಿಗೆ ಹದಿನಾಲ್ಕು ಗೀಟು, ಪುನರ್ಪುಳಿಗೆ ಹದಿಮೂರು.
ಹದಿನಾಲ್ಕರಲ್ಲಿ ಒಂದು, ಗೀಟಲ್ಲ,
ಗೋಡೆಯ ಬಿರುಕು ಎಂದು ತಕರಾರು.
ಬಿರುಕಿಗೂ ಬಾಯಿ ರುಚಿ ಇಲ್ಲವೇ ಎಂದು ಉತ್ತರ.

ಶಾಲೆಯಲ್ಲಿ ಹಾಜರಿ ಕರೆಯುವಾಗ ನಗು ಬರುತ್ತಿತ್ತು.
ಮಕ್ಕಳು ಅವರವರ ಮುಖ ನೋಡಿಕೊಳ್ಳುತ್ತಿದ್ದರು.

ಒಂದು ಸೋಮವಾರ ನೀಲಿ ಪೆನ್ನು, ಎಂದಿನ ಕುಚೋದ್ಯ ಇಲ್ಲದೆ:
‘ನಿನ್ನೆ ರಾತ್ರಿ ಅಮ್ಮನನ್ನು ಪರಿಯಾರಕ್ಕೆ ಕರಕೊಂಡು ಹೋದೆ.
ಬಸ್ಸು ನಿಂತಿತು.’
ಮೂರು ದಿನ ಆ ಕಡೆ ಯಾರೂ ಏನೂ ಬರೆಯಲಿಲ್ಲ.
ಬಿಂಬುಳಿ ಹದಿನಾಲ್ಕರಲ್ಲೇ ನಿಂತಿತು.
ನಾಲ್ಕನೆಯ ದಿನ ಪೆನ್ಸಿಲು, ಮತ್ತೂ ಸಣ್ಣಗೆ:
‘ಹೇಗಿದ್ದಾರೆ?’

ಉತ್ತರ ಬರುವ ಮೊದಲು ಚುನಾವಣೆ ಬಂತು.
ಸುಣ್ಣದ ಬಕೆಟು ಕೆಳಗಿಟ್ಟು ಅಂದುಂಞಿ
‘ಓದಿ ಆಯಿತಾ ಟೀಚರೇ? ಹೊಡೀಲಿಕ್ಕಾ?’ ಎಂದ.
ಆಯಿತು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.
ಬ್ರಶ್ಶು ಮೇಲಿಂದ ಕೆಳಗೆ ಬಂತು.
ಒಣಗುವ ಮೊದಲೇ ಗೋಡೆಯ ಮೂಲೆಯಲ್ಲೊಂದು
‘ಬುಕ್ಡ್’, ಪಕ್ಷದ ಹೆಸರಿನ ಮೊದಲಕ್ಷರ.

ಇವತ್ತು ಬೆಂಚಿನಲ್ಲಿ ನಾಲ್ವರಿದ್ದೇವೆ.
ಮೀನಿನ ಬುಟ್ಟಿ ಕೆಳಗಿಟ್ಟ ಹೆಂಗಸು.
ಇಯರ್‌ಫೋನಿನ ಹುಡುಗ.
ಎಡಗೈಯಲ್ಲಿ ವಾಚು ತಿರುಗಿಸುತ್ತ ಕೂತ ನಡುವಯಸ್ಸಿನವ.
ಎಲ್ಲರ ಉಗುರು ನೋಡಿದೆ, ಮಸಿ ಉಂಟಾ ಎಂದು.
ಎಡಗೈಯವನಿಗೆ ಎಷ್ಟೋ ಕೇಳಲಿಕ್ಕಿತ್ತು.
‘ಎಂಟೂವರೆದ್ದು ಹೋಯಿತಾ?’ ಎಂದೆ.
‘ಇಲ್ಲ’ ಎಂದ. ಅಷ್ಟೇ.
ಎದುರೆದುರು ಸಿಕ್ಕರೆ ನಮಗೆ ಮಾತು ಇಷ್ಟೇ.

ಎದ್ದೆ. ಅವರು ನೋಡಲಿ ಎಂದೇ ಎದ್ದೆ.
ಬಿಳಿಗೋಡೆಯ ನಡುವೆ, ತಲೆ ಒರಗುವಲ್ಲಿ,
ಕೆಂಪು ಪೆನ್ನಿನಲ್ಲಿ ಗುಂಡಗೆ ಬರೆದೆ:
‘ಇಲ್ಲಿ ಬಸ್ಸು ನಿಲ್ಲುದಿಲ್ಲ.’
‘ವು’ ಬಿಟ್ಟದ್ದು ಬೇಕೆಂದೇ.

ಹಿಂದೆ ಹಾರನ್ನು. ಕೈಯಲ್ಲಿ ಪೆನ್ನು.
ಅಡ್ಡ ಹಿಡಿಯಲಿಕ್ಕೆ ಮರೆತೇಹೋಯಿತು.