ಮೂರನೇ ಗೇರು

ಮೀಟರಿನಲ್ಲಿ ಎರಡು ಲಕ್ಷ ನಲವತ್ತೊಂದು ಸಾವಿರ.
"ತಿರುಗಿಸಿಲ್ಲ ಸಾರ್, ಇದ್ದದ್ದು ಇದ್ದಂಗೇ" ಅಂದರು ಪಿಳ್ಳಪ್ಪ,
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದಿನ ಓಣಿಯಲ್ಲಿ.

ಇಲಿಯಾಸ್ ಹೊಗೆಗೆ ಅಂಗೈ ಹಿಡಿದ, ಮೂಸಿದ,
ಮಾತಾಡಲಿಲ್ಲ. ಓಮ್ನಿಯ ಅಡಿಗೆ ತೂರಿಕೊಂಡ.

ನಾನು ಗೇರಿನ ಗುಂಡು ನೋಡುತ್ತಿದ್ದೆ.
ಒಂದು, ಎರಡು, ಮೂರು ಸವೆದು ಬೋಳು;
ನಾಲ್ಕು ಮಾತ್ರ ಈಗ ತಾನೆ ಅಚ್ಚು ಹಾಕಿದಂತೆ.
ಇಷ್ಟು ಓಡಿಯೂ ತಾಲ್ಲೂಕು ದಾಟಿಲ್ಲ ಇದು.
ಸೀಟಿನ ಹೊಲಿಗೆಯಲ್ಲೊಂದು ರೇಷ್ಮೆ ಎಳೆ,
ಎಳೆದೆ, ಎಳೆದಷ್ಟೂ ಬಂತು.

ನಾಗವೇಣಿ ಬಾಗಿಲು ಎಳೆದಳು.
ಮೂರನೇ ಸಲಕ್ಕೆ ಹಾಕಿಕೊಂಡಿತು.

"ಅರವತ್ತಕ್ಕೆ ಕೊಡಿ" ಅಂದೆ.
ಪಿಳ್ಳಪ್ಪ ಬೆಲೆಯ ಮಾತೇ ಎತ್ತಲಿಲ್ಲ:
"ಚಳಿಗಾಲದಲ್ಲಿ ಎರಡು ಸಲ ಚೋಕ್ ಎಳೀರಿ.
ಏರು ಸಿಕ್ಕಮೇಲಲ್ಲ, ಸಿಗೋಕೆ ಮುಂಚೆ ಗೇರು ಇಳಿಸಿ.
ವೈಪರ್ ನಿಂತ್ರೆ ಇಲ್ಲೊಂದು ಗುದ್ದು. ಜೋರಾಗಿ ಬೇಡ."
ಗುದ್ದಿಯೂ ತೋರಿಸಿದರು.
ಒಣ ಗಾಜಿನ ಮೇಲೆ ಕಿರ್ರೆಂದು
ಅತ್ತಿಂದಿತ್ತ ಓಡಾಡಿತು ಕಡ್ಡಿ.

ಮಾರೋರು ಯಾರಾದರೂ ಹೀಗೆ
ಹುಳುಕನ್ನೆಲ್ಲ ಪಾಠದಂತೆ ಒಪ್ಪಿಸುತ್ತಾರಾ?

ಅಡಿಯಿಂದ ಎದ್ದ ಇಲಿಯಾಸ್, ಮೊಣಕೈವರೆಗೂ ಗ್ರೀಸು,
ಅವರಿಗೆ ಕಾಣದಂತೆ ತಲೆಯಾಡಿಸಿದ: ಬೇಡ.

ನನಗೂ ಅನ್ನಿಸಿತು, ಬೇಡ.
ತಿರುಗಿ ನೋಡಿದರೆ ನಾಗವೇಣಿ ಒಳಗೆ ಕೂತಿದ್ದಳು,
ಮಡಿಲಲ್ಲಿ ಬ್ಯಾಗು.
ಈ ಸಲ ಬಾಗಿಲು ಹಾಕಿದ ಸದ್ದು
ಒಂದೇ ಬಾರಿ ಕೇಳಿಸಿತ್ತು.