ನಿಶಾನೆ ಮೂರು

ಕರಾರು ಸಣ್ಣದು: ಒಂದು ಹಾಳೆ, ಎರಡು ಸಹಿ.
ಕನೌಜಿನ ಭಟ್ಟಿಯ ನಜಾಬತ್ ಅಲಿ
ಫರೂಕಾಬಾದಿನ ಬಿಸೇಸರ ಖತ್ರಿಗೆ
ಎಂಬತ್ತು ತೊಲ ಗುಲಾಬಿ ಅತ್ತರು ಕೊಡತಕ್ಕದ್ದು,
‘ಮಾದರಿಯಂತೆಯೇ.’

ಹಣ ಸಂದಿತು. ಅತ್ತರು ಸಂದಿತು.
ಮಾದರಿಯಂತಿಲ್ಲ, ಎಂದ ಖತ್ರಿ.
ನಿನ್ನ ಮೂಗು ಕೆಟ್ಟಿದೆ, ಎಂದ ಅಲಿ.

ಮುನ್ಸಿಫರು ಇವನ ಕಡೆ, ಜಿಲ್ಲಾ ಜಡ್ಜು ಅವನ ಕಡೆ.
ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ;
ಇಲ್ಲಿ ಇಬ್ಬರೂ ಬದುಕಿಯೇ ಇದ್ದರು,
ಮೊಕದ್ದಮೆಗೆ ಒಂಬತ್ತು ತುಂಬುವವರೆಗೆ.

ಆ ಮಾದರಿ ಹೆಬ್ಬೆರಳುದ್ದದ ಸೀಸೆ,
ಬಿರಡೆಗೆ ಅರಗು, ಕೊರಳಿಗೆ ಚೀಟಿ: ನಿಶಾನೆ ಮೂರು.
ಅಲಹಾಬಾದಿನ ಹೈಕೋರ್ಟಿನಲ್ಲಿ ಐದು ಬೇಸಿಗೆ
ಸರದಿ ಕಾಯುತ್ತ ಕೂತಿತ್ತು ನನ್ನ ಕಪಾಟಿನಲ್ಲಿ.
ನಾನು ದಫ್ತರದ ಗುಮಾಸ್ತ, ಹರನಾರಾಯಣ ಸಕ್ಸೇನಾ,
ತಿಂಗಳಿಗೆ ಹದಿನೆಂಟು ರೂಪಾಯಿ.

ಎರಡನೆಯ ಬೇಸಿಗೆಗೇ ಅರಗು ಬಿರಿದಿತ್ತು.
ಅದನ್ನು ನಾನು ಬಿರಿಸಲಿಲ್ಲ. ಇಷ್ಟು ನಿಜ.

ಮನೆಯಲ್ಲಿ ಅವಳು ಮಲಗಿ ವರ್ಷವಾಗಿತ್ತು.
ಕಷಾಯ, ಬೇವಿನ ಹೊಗೆ, ಒದ್ದೆ ಬಟ್ಟೆಯ ಕಮಟು.
‘ನನ್ನ ವಾಸನೆ ನನಗೇ ಹೇಸಿಗೆ’ ಅಂದಳು ಒಂದು ದಿನ,
ಗೋಡೆಯ ಕಡೆ ತಿರುಗಿ.
ಮಂಗಳವಾರಕ್ಕೊಂದು ಕಡ್ಡಿಯ ತುದಿ,
ದಿಂಬಿನ ಮೂಲೆಗೆ. ಅಷ್ಟೇ.
ಅಷ್ಟೇ ಅಂದರೆ, ನೂರಾ ಹದಿನಾಲ್ಕು ಮಂಗಳವಾರ.

ಹನ್ನೊಂದನೇ ಇಸವಿ, ಜ್ಯೇಷ್ಠ.
ಪಂಖಾದವನು ತೂಕಡಿಸಿದರೆ ಹಾಳೆಗಳೂ ಮಲಗುತ್ತಿದ್ದವು.
ದೊರೆ ಸೀಸೆಯನ್ನು ಬೆಳಕಿಗೆ ಹಿಡಿದರು:
ತಳದಲ್ಲಿ ಕಂದು ಉಂಗುರ. ಮೂಸಿದರು; ಅವರಿಗೋ ನೆಗಡಿ.
ಪಕ್ಕದ ನ್ಯಾಯಮೂರ್ತಿ ಮೂಸಿದರು, ವಕೀಲರು ಮೂಸಿದರು,
ಖತ್ರಿ ಮೂಸಿ, ಅನುಮಾನದಿಂದ ಮತ್ತೊಮ್ಮೆ ಮೂಸಿದ.

ಅಲಿ ಮೂಸಲೇ ಇಲ್ಲ.
ಸೀಸೆ ಒಪ್ಪಿಸಲು ನಾನು ಬಾಗಿದಾಗ
ಅವನ ಮೂಗಿನ ಹೊಳ್ಳೆ ಸ್ವಲ್ಪ ಅರಳಿತು.
ನನ್ನ ಅಚಕನ್ನಿನ ಒಳಜೇಬಿನಲ್ಲಿ
ಅವಳ ದಿಂಬಿನಿಂದ ಕಿತ್ತ ಅರಳೆಯ ಚೂರು.
ಅವನು ನನ್ನ ಮುಖ ನೋಡಿದ.
ಆಮೇಲೆ ಪೀಠದ ಕಡೆ ನೋಡಿ ಸುಮ್ಮನೆ ನಿಂತ.

‘ಕಾಲದಿಂದಲೂ ಸೆಕೆಯಿಂದಲೂ ಮಾದರಿ ನಶಿಸಿರುವುದರಿಂದ
ಹೋಲಿಕೆ ಅಸಾಧ್ಯ. ವಾದಿಯು ರುಜುವಾತು ಮಾಡಿಲ್ಲ.
ಅಪೀಲು ವಜಾ. ಖರ್ಚು ಅವರವರದು.’

ಖಾಲಿ ಸೀಸೆಯೇ ಅವನನ್ನು ಗೆಲ್ಲಿಸಿತ್ತು,
ಬಾಯಿ ಬಿಟ್ಟಿದ್ದರೆ ಸೋಲು. ಅಷ್ಟೇ ಇರಬಹುದು.
ಇಪ್ಪತ್ತು ವರ್ಷ ಹಾಗೆಂದೇ ನಂಬಲು ನೋಡಿದ್ದೇನೆ.

ಆದರೆ ಮೆಟ್ಟಿಲಿಳಿಯುವಾಗ ಪಕ್ಕಕ್ಕೆ ಬಂದು
ಕೇಳಿದ್ದು ಒಂದೇ ಮಾತು,
ಭಟ್ಟಿಯವನು ಗಿರಾಕಿಯನ್ನು ಕೇಳುವಂತೆ:
‘ಬೆಳಗಿನವರೆಗೆ ನಿಲ್ಲುತ್ತಿತ್ತೇ?’